ಮಿಲಿಟ್ರಿ ಮಾಯಣ್ಣನ ಕಾಲು

ಲಕ್ಕಮ್ಮ ಗಂಡನ ಹೆಣದ ತಲೆಯಿಂದ ಹಸಿರು ಟೋಪಿಯನ್ನು ಮೂರನೆಯ ಸಲ ಕಿತ್ತು ಚಟ್ಟದ ಕೆಳಗೆ ಎಸೆದಳು. ಓಬಳಪ್ಪ ಮೂರನೆಯ ಸಲ ಅದನ್ನು ಎತ್ತಿ, ಧೂಳು ಕೊಡವಿ, ಮಾಯಣ್ಣನ ತಲೆಗೇ ಇಟ್ಟ. ಶ್ರೀರಾಂಪುರದ ಆ ಬೀದಿಗೆ ಓಬಳಪ್ಪ ಹೇಳಿದ್ದೇ ಕಾಯಿದೆ. ಸತ್ತವರೂ ಎದುರು ಮಾತಾಡುತ್ತಿರಲಿಲ್ಲ.

"ಸುಮ್ನಿರು ತಂಗ್ಯಮ್ಮ. ಚೀನಾ ಬಾರ್ಡರಲ್ಲಿ ಕಾಲಿಗೆ ಗುಂಡು ತಿಂದ ಗಂಡಸು. ತಮಟೆ ಬಡ್ಕೊಂಡು, ಕುಣ್ಕೊಂಡು ಎತ್ತೋಕಾಗುತ್ತಾ? ಮತ್ತಿಕೆರೆಯಿಂದ ರಿಟೈರ್ಡ್ ಸುಬೇದಾರ್ರು ಬರ್ತಾವ್ರೆ. ಸಲ್ಯೂಟ್ ಹೊಡೀತಾರೆ. ಆಮೇಲೆ ಎಲ್ಲಾರೂ ಬಾಯ್ ಮುಚ್ಕೊಂಡು ಸುಡುಗಾಡಿನವರ್ಗೂ ಲೆಫ್ಟ್ ರೈಟ್."

"ತಮಟೆ ಇಲ್ದೆ ನನ್ನ ಎತ್ಬೇಡಿ ಅಂತ ಆಣೆ ಹಾಕಿಸ್ಕೊಂಡವ್ರೆ ಕಣಣ್ಣಾ."

"ಜ್ವರದಲ್ಲಿ ಏನೋ ಅಂದಿರ್ತಾನೆ, ಬಿಡು."

ಮಾಯಣ್ಣನ ಜೊತೆಗಾರರಾದ ಐದು ಜನ ತಮಟೆಯವರು ಗೋಡೆಗೆ ಒರಗಿ, ಬೆಂಕಿಗೆ ಕಾಯಿಸಿದ ತಮಟೆಗಳು ತಣ್ಣಗಾಗುವುದನ್ನು ನೋಡುತ್ತ ಕೂತಿದ್ದರು. ಆ ಗುಂಡು ಹಾರಿಸಿದ್ದು ಚೀನಾದವರಲ್ಲ, ಲಕ್ಕಮ್ಮನೇ.

*

ಎಪ್ಪತ್ತನೆಯ ಇಸವಿಯಲ್ಲಿ ಮಾಯಣ್ಣ ಪಟಾಲಮ್ಮಿಗೆ ಸೇರಿದ್ದ. ಮೊದಲ ಪರೇಡಿನಲ್ಲಿ ಡ್ರಮ್ಮು ಬಾರಿಸಿದ್ದೇ ತಡ, ಅವನ ಭುಜ ತಾನಾಗಿಯೇ ಅಲ್ಲಾಡಿತು. ಎಡಗಾಲು ಮುಂದಿಡಬೇಕಾದಲ್ಲಿ ಎರಡು ಹೆಜ್ಜೆ ಮುಂದೆ, ಒಂದು ಹಿಂದೆ. ಅವನನ್ನು ನೋಡಿ ಹಿಂದಿನವನು, ಹಿಂದಿನವನನ್ನು ನೋಡಿ ಅವನ ಹಿಂದಿನವನು. ಏಳನೆಯ ತಿಂಗಳಿಗೆ ನಲವತ್ತು ಜನರ ಸಾಲು, ನೀರು ಹೊರುವ ಒಂದು ಹೇಸರಗತ್ತೆಯ ಸಮೇತ, ಮದುವೆ ದಿಬ್ಬಣದಂತೆ ಮೈದಾನ ದಾಟಿತು. ದುಡ್ಡು ಕಟ್ಟಿ ಬಿಡುಗಡೆ ತಗೊಳ್ಳಲು ರೂಲ್ಸಿದೆ ಎಂದು ಮೇಲಿನವರೇ ಹೇಳಿದರು. ಫಾರಮ್ಮನ್ನೂ ಅವರೇ ತುಂಬಿದರು.

ಲಕ್ಕಮ್ಮ ಬೆಳ್ಳಿ ಡಾಬು ಮಾರಿ ಇನ್ನೂರೈವತ್ತು ರೂಪಾಯಿ ಕಟ್ಟಿ, ಗಂಡನನ್ನೂ ಅವನ ಕಾಗದವನ್ನೂ ಮನೆಗೆ ಕರೆತಂದಳು.

"ಯಾಕೆ ಲಕ್ಕಿ, ಇಷ್ಟ್ ಬೇಗ ಬಂದ್ಬಿಟ್ಟ?" ನಲ್ಲಿಯ ಸಾಲಿನಲ್ಲಿ ಯಾರೋ ಕೇಳಿದರು.

ಸೊಂಟದ ಡಾಬು ಹೋಯಿತು, ಇನ್ನು ಮರ್ಯಾದೆಯೂ ಹೋಗಬೇಕೇ? "ಕಾಲಿಗೆ ಗುಂಡು ಬಿತ್ತು" ಅಂದುಬಿಟ್ಟಳು.

ಹೆಂಡತಿಯ ಮಾತು ಉಳಿಸಲು ಮಾಯಣ್ಣ ಹದಿಮೂರು ವರ್ಷ ಕುಂಟಿದ. ಬಲಗಾಲು ದಣಿದರೆ ಎಡಗಾಲು. ತಮಟೆ ಕೈಗೆ ಬಂದಾಗ ಮಾತ್ರ ಎರಡೂ ನೆಟ್ಟಗೆ.

*

ಸುಬೇದಾರ್ ಪರಮಶಿವಯ್ಯ ಬಂದರು. ಅವರ ಬೂಟಿನಲ್ಲಿ ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳಬಹುದಿತ್ತು.

"ಕಾಗದ ಏನಾದ್ರೂ ಇದ್ಯಾಮ್ಮ? ಸಲ್ಯೂಟ್ ಅಂದ್ರೆ ಸುಮ್ಸುಮ್ನೆ ಹೊಡ್ಯೋದಲ್ಲ."

ಲಕ್ಕಮ್ಮ ಅಕ್ಕಿ ಡಬ್ಬಕ್ಕೆ ಕೈ ಹಾಕಿ ತಳದಿಂದ ಕಾಗದ ತೆಗೆದು ಕೊಟ್ಟಳು. ಸುಬೇದಾರರು ಓದಿದರು. ಮೀಸೆ ಒಮ್ಮೆ ಅಲುಗಿತು. ಕಾಗದ ಮಡಚಿ, ದನಿ ತಗ್ಗಿಸಿ, "ನಾನೇನೂ ನೋಡ್ಲಿಲ್ಲ ತಾಯಿ. ಗೌರವವಾಗೇ ಕಳಿಸ್ಕೊಡೋಣ" ಎಂದರು.

ಸಲ್ಯೂಟಿಗೆ ಕೈ ಎತ್ತಿದರು. ಲಕ್ಕಮ್ಮ ಗಂಡನ ಕಾಲು ನೋಡಿದಳು. ಹೆಬ್ಬೆರಳುಗಳನ್ನು ಸೇರಿಸಿ ಕಟ್ಟಿದ್ದರು. ಯಾವುದು ಕುಂಟು ಎಂದು ಈಗ ಯಾರೂ ಹೇಳುವಂತಿರಲಿಲ್ಲ.

"ಗಟ್ಟಿಯಾಗಿ ಓದಿ ಸಾರ್," ಎಂದಳು. "ಬೀದಿಗೆಲ್ಲಾ ಕೇಳ್ಲಿ."

"ನಿಜವಾಗ್ಲೂ?"

"ಓದಿ."

ಅವರು ಓದಿದರು. "ಸರ್ವೀಸು, ಏಳು ತಿಂಗಳು. ಹಣ ಕಟ್ಟಿ ಬಿಡುಗಡೆ. ಗಾಯ... ಇಲ್ಲ."

ಗೋಡೆಗೆ ಒರಗಿದ್ದ ತಮಟೆಯವರು ನೆಟ್ಟಗೆ ಕೂತರು.

"ಮತ್ತೆ ಆ ಗುಂಡು?" ಓಬಳಪ್ಪ ಕೇಳಿದ.

"ನಾನೇ ಹೊಡ್ದಿದ್ದು ಅಣ್ಣಾ. ನಲ್ಲಿ ಹತ್ರ."

ಎದುರು ಮನೆಯ ಮುದುಕಿ ಚಿಕ್ಕಮುನಿಯಮ್ಮ ಎಲೆಯಡಿಕೆ ಉಗಿದು ನಕ್ಕಳು. "ಅಯ್ಯೋ ಹುಚ್ಚಿ, ನಮಗೇನ್ ಗೊತ್ತಿರ್ಲಿಲ್ವಾ? ಯುಗಾದಿಗೆ ಬಲಗಾಲ್ ಕುಂಟಿದ್ರೆ ಗೌರಿ ಹಬ್ಬಕ್ಕೆ ಎಡಗಾಲು! ಈ ವಾರ ಯಾವ್ದು ಅಂತ ನಾವೆಲ್ಲಾ ವೀಳ್ಯದೆಲೆ ಪಂದ್ಯ ಕಟ್ತಿದ್ವಿ."

"ಮತ್ತೆ ಒಬ್ರೂ ಹೇಳ್ಲಿಲ್ಲ ನಂಗೆ!"

"ಯಾಕ್ ಹೇಳ್ಬೇಕು? ಗೆಲ್ತಿದ್ದೋಳು ನಾನು."

ಮೊದಲು ಹೆಂಗಸರು ನಕ್ಕರು, ಆಮೇಲೆ ತಮಟೆಯವರು, ಕೊನೆಗೆ ಲಕ್ಕಮ್ಮನೇ ಸೆರಗು ಬಾಯಿಗಿಟ್ಟುಕೊಂಡು, ಅಳುತ್ತಲೇ. ಇಡೀ ಬೀದಿಯಲ್ಲಿ ನಂಬಿದ್ದವನು ತಾನೊಬ್ಬನೇ ಎಂದು ಓಬಳಪ್ಪನಿಗೆ ತಿಳಿಯಿತು. ಅವನು ಟೋಪಿಯನ್ನು ತೆಗೆದು ತನ್ನ ತಲೆಗೆ ಹಾಕಿಕೊಂಡ.

"ಏನ್ರೋ ಮುಖ ನೋಡ್ತಿದೀರಾ? ಹುಲ್ ಹಚ್ಚಿ, ತಮಟೆ ಕಾಯ್ಸ್ರೋ!"

ಹೂವಿನ ಚಟ್ಟ ಎದ್ದಿತು. ತಮಟೆ ಎದ್ದಿತು. ಬೀದಿಯೇ ಎದ್ದು ಕುಣಿಯಿತು. "ಇಷ್ಟು ದೂರ ಬಂದಿದೀನಿ. ನಾನು ಮಾತ್ರ ಲೆಫ್ಟ್ ರೈಟೇ" ಎಂದು ಸುಬೇದಾರರು ಹಿಂದೆ ನೆಟ್ಟಗೆ ಹೆಜ್ಜೆ ಹಾಕಿದರು.

ಸುಡುಗಾಡಿನ ತಿರುವಿನಲ್ಲಿ ಲಕ್ಕಮ್ಮ ತಿರುಗಿ ನೋಡಿದಳು. ಸುಬೇದಾರರ ಬಲಭುಜ ಒಮ್ಮೆ ಅಲ್ಲಾಡಿತು. ಅವರು ಅದನ್ನು ಎಡಗೈಯಿಂದ ಅದುಮಿ ಹಿಡಿದರು. ಆಮೇಲೆ, ಮುಂದಕ್ಕೆ ಎತ್ತಿದ ಆ ಹೊಳೆಯುವ ಬೂಟು ಗಾಳಿಯಲ್ಲೇ ತುಸು ನಿಂತು ಯೋಚಿಸಿ, ಒಂದು ಹೆಜ್ಜೆ ಹಿಂದೆ ಬಂತು.