ಹುಷಾರು

ಒದ್ದೆ ಹತ್ತಿಬಟ್ಟೆಯ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಒತ್ತಿದಾಗ ಏಳುವ ವಾಸನೆ ಬಂತು. ಪುಟ್ಟಿಯ ಕೈ ನಿಂತಿತು. ಸ್ಕೂಲಿಗೆ ಹೊರಡುವ ಬೆಳಗುಗಳಲ್ಲಿ, ತನ್ನ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದ ಸೋದರತ್ತೆಯ ಸುತ್ತ ಇರುತ್ತಿದ್ದ ವಾಸನೆ ಅದು. ಅತ್ತೆಗೆ ಮನಸ್ಸಿನ ಕಾಯಿಲೆ ಶುರುವಾಗುವ ಮುಂಚಿನದು. ಈಗ ಅದೇ ಅತ್ತೆಗೆ ಕೊನೆಯ ಸಲ ತೊಡಿಸಲು, ಅವಳೇ ಹೊಲಿದುಕೊಂಡಿದ್ದ ನೀಲಿ ನಿಲುವಂಗಿಗೆ ಪುಟ್ಟಿ ಇಸ್ತ್ರಿ ಹಾಕುತ್ತಿದ್ದಳು. ತೋಳಿನ ಅಂಚಿನಲ್ಲಿ ಒಂದು ದಾರ ಜೋತಾಡುತ್ತಿತ್ತು.

“ಅಮ್ಮಾ, ಕತ್ತರಿ ಎಲ್ಲಿ?”

ಅಮ್ಮ ಕೀಗೊಂಚಲು ತಂದು ಬೀರು ತೆರೆದಳು. ಕತ್ತರಿ, ಚಾಕು, ಬೆಂಕಿಪೊಟ್ಟಣ, ಎಲ್ಲ ವರ್ಷಗಳಿಂದ ಅಲ್ಲೇ. ಕತ್ತರಿ ಕೊಟ್ಟು ಮತ್ತೆ ಬೀಗ ಹಾಕಿದಳು.

“ಇನ್ನು ಯಾರಿಗಮ್ಮ ಬೀಗ?”

ಅಮ್ಮ ಕೈಯಲ್ಲಿದ್ದ ಕೀ ನೋಡಿಕೊಂಡಳು. “ರೂಢಿ ಕಣೇ.”

*

ಆಸ್ಪತ್ರೆಯಿಂದ ಅತ್ತೆ ಮನೆಗೆ ಬಂದ ದಿನ ಅಪ್ಪ ಅಕ್ಕಪಕ್ಕದವರಿಗೆಲ್ಲ, “ನನ್ನ ತಂಗಿ ಈಗ ಪೂರ್ತಿ ಹುಷಾರು,” ಎಂದು ಹೇಳಿಕೊಂಡು ಬಂದಿದ್ದ. ಸಂಜೆ ಅವಳು ತರಕಾರಿ ಹೆಚ್ಚಲು ಕೂತಾಗ ಅವನೇ ಓಡಿಬಂದು, “ಹುಷಾರು, ಹುಷಾರು!” ಎನ್ನುತ್ತ ಚಾಕು ಕಿತ್ತುಕೊಂಡ. ಒಲೆ ಹಚ್ಚಹೋದರೆ ಅಮ್ಮ, “ಹುಷಾರು!” ಕೋಣೆಯ ಬಾಗಿಲು ಹಾಕಿಕೊಂಡರೆ ಇಬ್ಬರೂ. ಅವಳು ಜೋರಾಗಿ ನಕ್ಕರೂ ಸಾಕು, ಮನೆಯವರು ಮುಖಮುಖ ನೋಡಿಕೊಳ್ಳುತ್ತಿದ್ದರು. ಅಳುವ ಹಾಗಂತೂ ಇರಲೇ ಇಲ್ಲ.

“ಹುಷಾರಾದೋಳು ನಾನು, ಹುಷಾರಾಗಿರೋರು ಇವ್ರು,” ಎಂದು ಅತ್ತೆ ಒಮ್ಮೆ ಪುಟ್ಟಿಯ ಕಿವಿಯಲ್ಲಿ ಹೇಳಿದ್ದಳು. “ಮಾತ್ರೆ ಯಾರಿಗೆ ಕೊಡ್ಬೇಕು ಹೇಳು?”

ಆಮೇಲೆ ಅವಳೇ ಬೀದಿಯ ಕೊನೆಯ ಟೈಲರ್ ಅಂಗಡಿಗೆ ಹೋಗಿ, ಕಾಯಿಲೆಯ ವಿಷಯ ಮುಚ್ಚಿಡದೆ ಕೆಲಸ ಕೇಳಿದಳು. ಮಾಸ್ಟರ್ ಎಲ್ಲ ಕೇಳಿಸಿಕೊಂಡು, “ಗುಂಡಿಗೆ ಕಾಜಾ ಹಾಕೋಕೆ ಬರುತ್ತಾ?” ಅಂದರಂತೆ. ಬರುತ್ತದೆ ಎಂದದ್ದಕ್ಕೆ ತಮ್ಮ ದೊಡ್ಡ ಕತ್ತರಿಯನ್ನು ಚಾಚಿದರಂತೆ.

“ಕತ್ತರಿ ಹಿಡಿನ ನನ್ನ ಕಡೆ ತಿರುಗಿಸಿ ಕೊಟ್ರು ಕಣೇ. ಇನ್ನೊಂದು ಮಾತು ಆಡಲಿಲ್ಲ.” ಇದನ್ನು ಅತ್ತೆ ಎಷ್ಟು ಸಲ ಹೇಳಿದ್ದಳೋ.

*

ನಡುಮನೆಯಲ್ಲಿ ಕುರ್ಚಿಗಳು ತುಂಬಿದ್ದವು. ನೀಲಿ ನಿಲುವಂಗಿ ತೊಟ್ಟ ಅತ್ತೆ ನಡುವೆ ಮಲಗಿದ್ದಳು.

ಎದುರು ಮನೆಯಾಕೆ ಅಪ್ಪನ ಹತ್ತಿರ ಬಾಗಿದಳು. “ನಿಜವಾಗ್ಲೂ ಹಾರ್ಟೇನಾ? ಮಾತ್ರೆಗೀತ್ರೆ ಏನಾದ್ರೂ ಜಾಸ್ತಿ...”

ಅಪ್ಪ ಕಣ್ಣೊರೆಸಿಕೊಂಡ. “ನಿಮಗೆ ಗೊತ್ತಿಲ್ದೇ ಇರೋದೇನಿದೆ? ಮೊದಲಿಂದಲೂ ಹುಷಾರಿರಲಿಲ್ಲ.”

“ಯಾರು ಹುಷಾರಿರಲಿಲ್ಲ?” ಪುಟ್ಟಿಯ ದನಿಗೆ ಕುರ್ಚಿಗಳೆಲ್ಲ ತಿರುಗಿದವು. “ದಿನಾ ಕೆಲಸಕ್ಕೆ ಹೋಗಿ ಬರ್ತಿದ್ರು. ನಿನ್ನೆನೂ ಹೋಗಿದ್ರು. ಬಂದು ಚಪ್ಪಲಿ ಬಿಟ್ಟು ಕೂತ್ರು, ಹೃದಯ ನಿಂತುಹೋಯ್ತು. ಡಾಕ್ಟರ್ ಹೇಳಲಿಲ್ವಾ? ತಾತನಿಗೂ ಹೀಗೇ ಆಯ್ತಲ್ಲ, ಆಗ ಯಾರಾದ್ರೂ ಪಿಸಪಿಸ ಅಂದ್ರಾ?”

“ಮೆಲ್ಲಗೆ ಪುಟ್ಟೀ,” ಅಂದಳು ಅಮ್ಮ. “ಜನ ಇದಾರೆ.”

“ಜನಕ್ಕೇ ಹೇಳ್ತಿರೋದು! ಸತ್ತ ಮೇಲೂ ಇವ್ರನ್ನ ವಾಸಿಯಾಗೋಕೆ ಬಿಡಲ್ವಾ?”

ಎದುರು ಮನೆಯಾಕೆ ಚೀಲ ಸರಿಮಾಡಿಕೊಂಡಳು. ಅಪ್ಪ ನೆಲ ನೋಡುತ್ತ, “ನನಗೆ ಭಯ ಇತ್ತು,” ಅಂದ. ಯಾರಿಗೆ ಹೇಳಿದನೋ.

ಬಾಗಿಲ ಪಕ್ಕ ನಿಂತಿದ್ದ ಮಾಸ್ಟರ್ ಮಾತ್ರ ಮುಂದೆ ಬಂದು, ಅತ್ತೆಯ ತೋಳಿನ ಮೇಲೆ ಮಡಚಿಕೊಂಡಿದ್ದ ಅಂಚನ್ನು ಬೆರಳಿನಿಂದ ನೇರ ಮಾಡಿದರು.

*

ಎಲ್ಲ ಮುಗಿಸಿಕೊಂಡು ಬಂದಾಗ ಸಂಜೆಯಾಗಿತ್ತು. ಮಾಸ್ಟರ್ ಮೆಟ್ಟಿಲಿನಲ್ಲೇ ನಿಂತು ಪುಟ್ಟಿಯ ಕೈಗೆ ಒಂದು ಸ್ಟೀಲ್ ಡಬ್ಬಿ ಕೊಟ್ಟರು.

“ನಿನ್ನೆ ಅವ್ರೇ ಮಾಡಿದ್ದು. ಇವತ್ತಿಗೂ ಆಗುತ್ತೆ ಅಂತ ಅಂಗಡಿ ಫ್ರಿಜ್ಜಲ್ಲಿ ಇಟ್ಟಿದ್ರು.”

“ಅತ್ತೆ ಅಡುಗೆ ಮಾಡ್ತಿದ್ರಾ?”

“ದಿನಾ, ಅಂಗಡಿ ಹಿಂದಿನ ಒಲೇಲಿ, ನಮಗೆಲ್ಲ. ಮನೇಲಿ ಮಾಡ್ತಿರಲಿಲ್ವಾ?”

ಪುಟ್ಟಿ ಅದನ್ನು ಅಡುಗೆಮನೆಗೆ ಒಯ್ದಳು.

ಡಬ್ಬಿ ತೆರೆದಳು. ಅನ್ನ, ಪಕ್ಕದಲ್ಲಿ ಪಲ್ಯ. ಬೀನ್ಸು, ಕ್ಯಾರೆಟ್ಟು ಸಣ್ಣಗೆ, ಅಳತೆಪಟ್ಟಿ ಇಟ್ಟು ಹೆಚ್ಚಿದ ಹಾಗೆ ಒಂದೇ ಸಮ. ಅಮ್ಮನಿಂದ ಬೆಂಕಿಪೊಟ್ಟಣ ಈಸಿಕೊಂಡು, ಬಿಸಿ ಮಾಡಿ, ತಟ್ಟೆಗೆ ಬಡಿಸಿದಳು. ಅಪ್ಪ ಅತ್ತೆಯ ಕುರ್ಚಿಯಲ್ಲಿ ಕೂತಿದ್ದ. ಬೆಳಗ್ಗೆಯಿಂದ ನೀರೂ ಕುಡಿದಿರಲಿಲ್ಲ.

ಚಮಚದ ಹಿಡಿಯನ್ನು ಅವನ ಕಡೆ ತಿರುಗಿಸಿ, ಏನೂ ಹೇಳದೆ ಪುಟ್ಟಿ ತಟ್ಟೆ ಚಾಚಿದಳು.