ಉಪ್ಪಿನ ಡಬ್ಬಿಯ ಪಕ್ಕದ ಪುಸ್ತಕ

ಕನ್ನಡಕದ ಒಂದು ಕಡ್ಡಿ ಕಿವಿಯ ಹಿಂದೆ ಕೂರಲೊಲ್ಲದು. ಆಕೆ ಎಷ್ಟು ಸಲ ಸರಿಮಾಡಿದರೂ ಅದು ಜಾರಿ ಸತ್ತವನ ಮೂಗಿನ ತುದಿಗೇ ಬಂದು ನಿಲ್ಲುತ್ತಿತ್ತು.

"ಇನ್ನೂ ಸ್ವಲ್ಪ ಮೇಲಕ್ಕಮ್ಮಾ," ಎಂದಳು ಮಗಳು, ಅತ್ತು ಅತ್ತು ಕಟ್ಟಿದ ಮೂಗಿನಲ್ಲಿ. "ಕನ್ನಡಕ ಇಲ್ದಿದ್ರೆ ಅಪ್ಪ ಅಪ್ಪನ ಥರಾನೇ ಕಾಣಲ್ಲ."

"ಅಲ್ಲಿ ಹೋಗಿ ಏನು ಓದ್ಬೇಕಾಗಿದ್ಯೋ," ಎಂದು ಆಕೆ ಗೊಣಗಿದಳು. ಆದರೂ ಕನ್ನಡಕ ತೆಗೆದು, ಬಾಯಿಯಿಂದ ಗಾಜಿಗೆ ಹಬೆಯೂದಿ, ಸೆರಗಿಗೆ ಒರೆಸಿ ಮತ್ತೆ ಹಾಕಿದಳು. ಈ ಸಲ ಕೂತಿತು.

ಮದುವೆಯಾದಾಗಿನಿಂದ ಆಕೆ ಗಂಡನ ಕಣ್ಣು ನೋಡಿದ್ದಕ್ಕಿಂತ ಅದರ ಮುಂದಿನ ಗಾಜು ನೋಡಿದ್ದೇ ಹೆಚ್ಚು. ಇತ್ತೀಚೆಗೆ ಸೂಜಿಗೆ ದಾರ ಪೋಣಿಸುವಾಗ, ಮಾತ್ರೆಯ ಮೇಲಿನ ಹೆಸರು ನೋಡುವಾಗ ಅದನ್ನೇ ಕಿಟಕಿಯ ಕಟ್ಟೆಯಿಂದ ಎತ್ತಿಯೋ ಅವನ ಮುಖದಿಂದಲೇ ಕಿತ್ತೋ ತಾನು ಹಾಕಿಕೊಳ್ಳುತ್ತಿದ್ದಳು. ಅವನು ಪುಟದ ಮೇಲೆ ಬೆರಳಿಟ್ಟುಕೊಂಡು, ಕತ್ತಲೆಯಲ್ಲಿ ಬಸ್ಸಿಗೆ ಕಾಯುವವನ ಹಾಗೆ ಸುಮ್ಮನೆ ಕೂತಿರುತ್ತಿದ್ದ. ನೀನೂ ಒಂದು ಮಾಡಿಸಿಕೋ ಎಂದು ಮಗಳು ಎಷ್ಟೋ ಸಲ ಹೇಳಿದ್ದಳು. ಓದದವಳಿಗೆ ಕನ್ನಡಕ ಯಾಕೆ ಎಂದು ಆಕೆ ಅದನ್ನು ಅಲ್ಲಿಗೇ ಬಿಟ್ಟಿದ್ದಳು.

ಬಾಗಿಲಲ್ಲಿ ಗದ್ದಲವಾಯಿತು. ಮೂಲೆಯ ಕಟಿಂಗ್ ಶಾಪಿನ ಕ್ಷೌರಿಕ, ಅವನ ಹಿಂದೆ ಪಕ್ಕದಂಗಡಿಯ ದರ್ಜಿ ಒಳಗೆ ಬಂದರು. ದರ್ಜಿಯ ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಕ್ಷೌರಿಕ ಮಂಚದ ಕಾಲು ಹಿಡಿದುಕೊಂಡು ಧಡಕ್ಕನೆ ಕೂತ.

"ಅತ್ತಿಗೇ, ನಮ್ಮ ಬಾಯೇ ಹೋಯ್ತಲ್ಲ ಅತ್ತಿಗೇ! ನೀರಣ್ಣ ಬೆಂಚಿನ ಮೇಲೆ ಬಂದು ಕೂರ್ದೆ ಭಾನುವಾರ ಹೇಗೆ ಅಂಗಡಿ ಬಾಗಿಲು ತೆಗೀಲಿ?"

ನಗರದ ಪಂಪ್‌ಹೌಸಿನಲ್ಲಿ ಮೋಟರು ಹಾಕಿ ಆರಿಸುವ ಕೆಲಸದಲ್ಲಿದ್ದವನಿಗೆ ಜನ ಇಟ್ಟ ಹೆಸರು ನೀರಣ್ಣ. ನಿವೃತ್ತನಾದ ಮೇಲೂ ಅದು ಅಂಟಿಕೊಂಡೇ ಇತ್ತು.

"ಅವ್ರು ಮಾತಾಡ್ತಾ ಕೂತ್ರೆ ನನಗೆ ಸೂಜಿ ಎಲ್ಲಿ ದಾರ ಎಲ್ಲಿ ಗೊತ್ತಾಗ್ತಿರ್ಲಿಲ್ಲ," ಎಂದ ದರ್ಜಿ. "ಒಂದು ಸಲ ಗಿರಾಕಿ ಪ್ಯಾಂಟಿಗೆ ಎರಡೂ ಎಡಗಾಲೇ ಹೊಲಿದುಬಿಟ್ಟಿದ್ದೆ. ಎಂಥಾ ಮಾತುಗಾರ!"

ಇವರೇನಾದರೂ ಮನೆ ತಪ್ಪಿ ಬಂದರೋ ಎಂದು ಆಕೆಗೆ ಅನುಮಾನವಾಯಿತು. ಮಾತುಗಾರನಂತೆ! ಯಾರು, ಇವನೇ? ಆಕೆ ಮಂಚದ ಮೇಲಿದ್ದವನನ್ನೊಮ್ಮೆ ನೋಡಿದಳು. ಅವನು ಎಂದಿನಂತೆ ಬಾಯಿ ಮುಚ್ಚಿಕೊಂಡು ಮಲಗಿದ್ದ.

*

ಈ ಮನೆಯಲ್ಲಿ ಅವನ ಮಾತೆಂದರೆ ನೀರು ಬಂತಾ, ಬಾಗಿಲು ಹಾಕಿದ್ಯಾ, ಉಪ್ಪು ಸಾಲದು. ಇಷ್ಟೇ. ಮಗಳು ಹುಟ್ಟಿದ ದಿನ ಇದಕ್ಕೆ ನಾಲ್ಕು ಮಾತು ಸೇರಿರಬಹುದು.

ಪ್ರತಿ ಶನಿವಾರ ಅವನು ಲೈಬ್ರರಿಗೆ ಒಂದು ಚೀಲ ಪುಸ್ತಕ ಹಿಂದಿರುಗಿಸಿ ಇನ್ನೊಂದು ಚೀಲ ತರುತ್ತಿದ್ದ. ಒಂದೇ ಜಾತಿಯ ಎರಡು ಪುಸ್ತಕ ಆ ಚೀಲದಲ್ಲಿ ಇರುತ್ತಿರಲಿಲ್ಲ. ಕೊಲೆಯ ಕತೆಯ ಪಕ್ಕದಲ್ಲಿ ಜೇನು ಸಾಕುವುದು ಹೇಗೆ, ಅದರ ಪಕ್ಕದಲ್ಲಿ ಯಾವನೋ ನಾವಿಕನ ಜೀವನ, ಮೇಲೊಂದು ತೆಳ್ಳನೆಯ ಪದ್ಯದ ಪುಸ್ತಕ. ಪಂಪ್‌ಹೌಸಿನಲ್ಲಿ ಮೋಟರಿನ ಸದ್ದಿಗೆ ಮಾತಾಡಿದರೂ ಕೇಳಿಸದು. ಅಲ್ಲಿ ಓದುತ್ತಿದ್ದ, ಮನೆಗೆ ಬಂದು ಓದುತ್ತಿದ್ದ. ಊಟಕ್ಕೆ ಕೂತಾಗ ಮಾತ್ರ ಪುಸ್ತಕ ಬದಿಗಿಡುತ್ತಿದ್ದ. ಆಗಲೂ ಮನಸ್ಸು ಅಲ್ಲೇ. ತುತ್ತು ಕೈಯಲ್ಲಿ ಹಿಡಿದು ತನ್ನಷ್ಟಕ್ಕೆ ನಗುತ್ತಿದ್ದ.

"ಏನ್ರೀ ನಗ್ತಿದ್ದೀರಾ?"

"ಏನಿಲ್ಲ."

ಆ 'ಏನಿಲ್ಲ'ವನ್ನು ಆಕೆ ಅನ್ನದ ಜೊತೆ ವರ್ಷಗಟ್ಟಲೆ ನುಂಗಿದ್ದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವಿಡೀ ನಿಂತು ಹೊದಿಕೆಗಳಿಗೆ ಇಸ್ತ್ರಿ ಹಾಕಿ, ಊದಿದ ಕಾಲಿನಲ್ಲಿ ಬಂದು ಅಡಿಗೆ ಮಾಡಿದವಳಿಗೆ ಸಿಗುತ್ತಿದ್ದದ್ದು ಅದೊಂದೇ. ಇಸ್ತ್ರಿ ಹಾಕುವವಳಿಗೆ ಹೇಳಿದರೆಷ್ಟು ಬಿಟ್ಟರೆಷ್ಟು ಅಂದುಕೊಂಡಿರಬೇಕು ಮಹಾನುಭಾವ, ಎಂದು ಆಕೆ ತೀರ್ಮಾನಿಸಿದ್ದಳು.

ಅದಕ್ಕೆ ಸಾಕ್ಷಿಯೂ ಅಡಿಗೆಮನೆಯಲ್ಲೇ ಇತ್ತು. ವಾರದ ಪುಸ್ತಕಗಳಲ್ಲಿ ಒಂದು, ಓದಿ ಮುಗಿದ ಮೇಲೆ, ಉಪ್ಪಿನ ಡಬ್ಬಿಯ ಪಕ್ಕಕ್ಕೆ ಬಂದು ಕೂರುತ್ತಿತ್ತು. ಯಾಕೆಂದು ಅವನು ಹೇಳುತ್ತಿರಲಿಲ್ಲ. ಆಕೆಯೂ ಕೇಳುತ್ತಿರಲಿಲ್ಲ. ಪುಸ್ತಕ ಮುಟ್ಟದವಳು ಎಂದು ಚುಚ್ಚುವುದಕ್ಕೇ ಇಟ್ಟಿದ್ದಾನೆ, ಇನ್ನೇನು? ಒಮ್ಮೆ ಸಿಟ್ಟಿನಲ್ಲಿ ಬಿಸಿ ಹಾಲಿನ ಪಾತ್ರೆಗೆ ಅದನ್ನೇ ಮುಚ್ಚಳ ಮಾಡಿದಳು. ರಟ್ಟಿನ ಮೇಲೆ ಗುಂಡನೆಯ ಕಲೆ ಬಿತ್ತು. ಅವನು ಲೈಬ್ರರಿಯಲ್ಲಿ ಬೈಸಿಕೊಂಡು ಬಂದ, ತುಟಿ ಪಿಟಕ್ಕೆನ್ನಲಿಲ್ಲ. ಮುಂದಿನ ವಾರ ಅದೇ ಜಾಗದಲ್ಲಿ ಬೇರೊಂದು ಪುಸ್ತಕ.

*

ಸ್ಮಶಾನದಲ್ಲಿ ಗುಂಡಿ ಇನ್ನೂ ಆಗಿರಲಿಲ್ಲ. ಅಡಿಯಲ್ಲಿ ಬಂಡೆ ಸಿಕ್ಕಿತಂತೆ. ಅಗೆಯುವವರು ಹಾರೆ ತರಲು ಹೋಗಿದ್ದರು. ಬಂದಿದ್ದ ಜನ ನೆರಳು ಹುಡುಕಿಕೊಂಡು ಚೆದುರಿದರು. ಆಕೆ ಮಗಳ ಜೊತೆ ಸಿಮೆಂಟಿನ ಬೆಂಚಿನ ಮೇಲೆ ಕೂತಳು. ಬೆನ್ನ ಹಿಂದಿನ ಮರದ ಕೆಳಗೆ ಕ್ಷೌರಿಕ, ದರ್ಜಿ ಮತ್ತು ಅಂಗಡಿಯ ಬೆಂಚಿಗೆ ಬರುವ ಇನ್ನಷ್ಟು ಜನ.

"ಹೋದ ಭಾನುವಾರ ಆ ಸೇತುವೆ ಪುಸ್ತಕದ ಬಗ್ಗೆ ಏನಂದ್ರು ನೆನಪಿದ್ಯಾ?" ಇದು ದರ್ಜಿಯ ದನಿ.

"ಇಲ್ದೆ ಏನು! 'ಬೀಳಲ್ಲ ಅಂತ ಎದೆ ತಟ್ಕೊಳ್ಳೋನು ಕಟ್ಟಿದ ಸೇತುವೆ ಮೇಲೆ ನಾನು ಕಾಲಿಡಲ್ಲ, ಬಿದ್ರೆ ಏನಪ್ಪಾ ಗತಿ ಅಂತ ನಿದ್ದೆಗೆಟ್ಟೋನು ಕಟ್ಟಿರ್ಬೇಕು' ಅಂದ್ರು."

"ಆ ಪತ್ತೇದಾರಿ ಕಾದಂಬರಿಗೆ ಏನಂದ್ರು?"

"'ಕೊಲೆಗಾರ ಯಾರು ಅಂತ ನನಗೆ ಶುರುವಿನಲ್ಲೇ ಗೊತ್ತಾಯ್ತು. ಆದ್ರೆ ಆ ಪತ್ತೇದಾರನಿಗೆ ಅವಮಾನ ಆಗ್ಬಾರದಲ್ಲ, ಕೊನೇವರೆಗೂ ಜೊತೇಲಿ ನಡೆದೆ.'"

ನಗೆ ಕೇಳಿಸಿತು. ಸಾವಿನ ಜಾಗವೆಂದು ಹತ್ತಿಕ್ಕಿದ ನಗೆ.

"ಆ ಪದ್ಯದವನಿಗೆ ಹಾಕಿದ್ದು ಇದ್ಯಲ್ಲಾ," ಎಂದ ಕ್ಷೌರಿಕ. "'ಪುಟಕ್ಕೆರಡು ಸಲ ಅಳ್ತಾನೆ. ಒಂದೇ ಸಲ ಅತ್ತಿದ್ರೆ ನಾನೂ ಅಳ್ತಿದ್ದೆ' ಅಂದ್ರು. ಆಮೇಲೆ ಜೈಲಿನ ಅಡಿಗೆಯವನು ಬರೆದ ಆತ್ಮಕತೆ ತೆಗೆದ್ರು ನೋಡು. ನೇಣಿಗೆ ಹೋಗೋನು ಹಿಂದಿನ ದಿನ ಊಟದಲ್ಲಿ ಉಪ್ಪು ಕಮ್ಮಿ ಅಂತ ತಟ್ಟೆ ವಾಪಸ್ ಕಳಿಸಿದ್ನಂತೆ. ಅದನ್ನ ಹೇಳ್ತಾ ಹೇಳ್ತಾ ನೀರಣ್ಣನ ಗಂಟಲು ಕಟ್ಟಿಹೋಯ್ತು. ಅರ್ಧ ಗಡ್ಡ ಕೆರೆದವನು ನಾನೂ ಕತ್ತಿ ಹಿಡ್ಕೊಂಡು ಹಾಗೇ ನಿಂತ್ಬಿಟ್ಟೆ."

ಆಕೆಯ ಮೈಯೆಲ್ಲ ಉರಿಯಿತು. ಗಂಟಲು ಕಟ್ಟಿತಂತೆ! ಹೆತ್ತ ತಾಯಿ ಸತ್ತಾಗಲೂ ಗೋಡೆಗೆ ಒರಗಿ ಸುಮ್ಮನಿದ್ದವನು! ಆ ದನಿ ಹೇಗಿತ್ತೆಂದು ಗಡ್ಡ ಕೆರೆಯುವವನಿಗೆ ಗೊತ್ತು, ಪ್ಯಾಂಟು ಹೊಲಿಯುವವನಿಗೆ ಗೊತ್ತು. ಕಟ್ಟಿಕೊಂಡವಳಿಗೆ ಮಾತ್ರ ನೀರು ಬಂತಾ, ಬಾಗಿಲು ಹಾಕಿದ್ಯಾ. ಆಕೆ ಎದ್ದಳು. ಮಗಳು ಕೈ ಹಿಡಿದಳು, ಕೊಸರಿಕೊಂಡು ಮರದ ಕಡೆಗೆ ನಡೆದಳು.

"ಇಷ್ಟೂ ಅವ್ರೇ ಹೇಳಿದ್ದಾ?"

ಎಲ್ಲರೂ ಥಟ್ಟನೆ ಬಾಯಿ ಮುಚ್ಚಿದರು. ಇದು ಆಕೆಗೆ ಹೊಸದಲ್ಲ. ಆ ಅಂಗಡಿಯ ಮುಂದೆ ಹಾದು ಹೋದಾಗಲೆಲ್ಲ ಒಳಗಿನ ಮಾತು ಹೀಗೇ ನಿಲ್ಲುತ್ತಿತ್ತು. ತನ್ನನ್ನೇ ಆಡಿಕೊಳ್ಳುತ್ತಿದ್ದಾರೆ ಎಂದು ನಂಬಿ ಆಕೆ ಎಷ್ಟೋ ವರ್ಷದಿಂದ ಹಿಂದಿನ ರಸ್ತೆಯಲ್ಲಿ ಸುತ್ತುಹಾಕಿ ಮಾರ್ಕೆಟ್ಟಿಗೆ ಹೋಗುತ್ತಿದ್ದಳು.

"ಮನೇಲಿ ಒಂದು ದಿನಾನೂ ಬಾಯಿ ಬಿಡ್ಲಿಲ್ಲ," ಎಂದಳು. "ನಿಮ್ಮ ಹತ್ರ ಇಷ್ಟೊಂದಾ? ಅಂಥಾದ್ದೇನು ಮಾಡಿದ್ದೆ ನಾನು?"

ಕ್ಷೌರಿಕ ದರ್ಜಿಯ ಮುಖ ನೋಡಿದ. ದರ್ಜಿ ಟೇಪನ್ನು ಬೆರಳಿಗೆ ಸುತ್ತತೊಡಗಿದ.

"ನಿಮಗೆ ಹೇಳೋ ಹಾಗಿರ್ಲಿಲ್ಲ ಅಲ್ವಾ ಅತ್ತಿಗೆ," ಎಂದ ಕ್ಷೌರಿಕ. "ನೀವು ಓದ್ಬೇಕಲ್ಲ."

"ನಾನಾ?"

"'ಅವಳು ತಾನೇ ಓದ್ತೀನಿ ಅಂದಿದಾಳೆ ಕಣಯ್ಯಾ, ಮೊದ್ಲೇ ಹೇಳ್ಬಿಟ್ರೆ ರುಚಿ ಕೆಟ್ಟೋಗುತ್ತೆ' ಅಂತಿದ್ರು. ಎಲ್ಲಕ್ಕಿಂತ ಚೆನ್ನಾಗಿರೋದನ್ನ ನಿಮಗೆ ಅಂತ ಎತ್ತಿ ಇಡ್ತಿದ್ರಲ್ಲ, ಅಡಿಗೆಮನೇಲಿ. ನಿಮ್ಮೆದುರು ಕತೆ ಬಗ್ಗೆ ಬಾಯಿ ಬಿಟ್ಟೀರಾ ಜೋಕೆ ಅಂತ ನಮಗೂ ತಾಕೀತು. ಅದಕ್ಕೇ ನೀವು ಬರ್ತಿದ್ದ ಹಾಗೇ ನಾವೆಲ್ಲ ಗಪ್‌ಚಿಪ್."

"ಓದಿದ್ಯಾ ಅಂತ ಒಂದು ಮಾತು ಕೇಳೋಕೆ ಏನಾಗಿತ್ತು ಅವ್ರಿಗೆ?"

"ನಾನೂ ಅದನ್ನೇ ಅಂದೆ. 'ಪಾಪ, ದಣಿದು ಬರ್ತಾಳೆ, ಕೇಳಿದ್ರೆ ಬಲವಂತ ಮಾಡಿದ ಹಾಗಾಗುತ್ತೆ. ಓದ್ದಾಗ ಅವಳೇ ಬಂದು ಹೇಳ್ತಾಳೆ ಬಿಡು' ಅಂದ್ರು." ಕ್ಷೌರಿಕ ಕೆಳಗೆ ನೋಡಿದ. "ಕಾಯ್ತಿದ್ರು ಅತ್ತಿಗೆ."

*

ಹೊಸದಾಗಿ ಮದುವೆಯಾಗಿದ್ದಾಗ ಇದ್ದದ್ದು ಒಂದೇ ಕೋಣೆ. ಒಲೆಗೂ ಮಂಚಕ್ಕೂ ನಡುವೆ ಒಂದು ಪರದೆ. ಒಂದು ಸಂಜೆ ಅವನು ಪಂಪ್‌ಹೌಸಿನಿಂದ ಓಡುತ್ತಲೇ ಬಂದ. ಚಪ್ಪಲಿ ಸಹ ಬಿಟ್ಟಿರಲಿಲ್ಲ. "ಕೇಳಿಲ್ಲಿ, ಒಬ್ಬಳು ದೋಣಿ ನಡೆಸೋಳು ಇದಾಳೆ. ಗಂಡ ಮುಳುಗಿದ ಹೊಳೇಲೇ ದಿನಾ ಜನಾನ ದಾಟಿಸ್ತಾಳೆ. ಒಂದಿನ ಏನಾಗುತ್ತೆ ಅಂದ್ರೆ," ಎಂದು ಕೈ ಬೀಸಿ ಬೀಸಿ ಶುರುಮಾಡಿದ.

ಅವನ ಮುಖ ಹಾಗೆ ಅರಳಿದ್ದನ್ನು ಆಕೆ ಅದಕ್ಕೂ ಮೊದಲು ಕಂಡಿರಲಿಲ್ಲ. ಅವನ ಸಮಕ್ಕೆ ನಿಲ್ಲಬೇಕು, ತನಗೂ ಓದು ಬರುತ್ತದೆಂದು ತೋರಿಸಬೇಕು ಎಂಬ ಆಸೆ ಹುಟ್ಟಿತು. ಹಿಟ್ಟಿನ ಕೈಯಿಂದಲೇ ಅವನ ಬಾಯಿ ಮುಚ್ಚಿದಳು.

"ಹೇಳ್ಬೇಡಿ, ಹೇಳ್ಬೇಡಿ. ನಾನೇ ಓದ್ತೀನಿ."

ಅವನ ಮೀಸೆಗೆಲ್ಲ ಹಿಟ್ಟು ಮೆತ್ತಿತು. ಅವನಿಗೆ ಆದ ಸಂತೋಷ ಹೇಳತೀರದು. ಪುಸ್ತಕವನ್ನು ಒರೆಸಿ, ಆಕೆಯ ಕೈಗೆ ಸಿಗುವಂತೆ ಉಪ್ಪಿನ ಡಬ್ಬಿಯ ಪಕ್ಕ ಇಟ್ಟ. ಆಕೆ ಅಂದು ರಾತ್ರಿ ಒಂದು ಪುಟ ಓದಿದಳು. ಮಾರನೆಯ ದಿನ ಲಾಂಡ್ರಿಯಲ್ಲಿ ಎರಡು ಪಾಳಿ. ಆಮೇಲೆ ಬಸುರಿ. ಆಮೇಲೆ ಮಗು, ಅತ್ತೆಯ ಕಾಯಿಲೆ, ಬದುಕು. ದೋಣಿಯವಳಿಗೆ ಏನಾಯಿತೆಂದು ಆಕೆಗೆ ಇಂದಿಗೂ ಗೊತ್ತಿಲ್ಲ. ತಾನು ಹಾಗೆ ಅಂದಿದ್ದೆನೆಂಬುದೂ ಮರೆತುಹೋಗಿತ್ತು.

*

ದೇಹವನ್ನು ಇಳಿಸಿದರು. ಮುಖಕ್ಕೆ ಬಿಳಿ ಬಟ್ಟೆ ಎಳೆದಾಗ ಕನ್ನಡಕದ ಮೇಲೆ ಅದು ಉಬ್ಬಿ ನಿಂತಿತು. ಮಗಳು ಜೋರಾಗಿ ಅತ್ತಳು. ಆಕೆಗೆ ಅಳು ಬರಲಿಲ್ಲ, ಸಿಟ್ಟು ಬಂತು. ಚಿಕ್ಕ ಹುಡುಗಿಯೊಬ್ಬಳು ಚೆಲ್ಲಾಟಕ್ಕೆ ಆಡಿದ ಮಾತನ್ನು ಇಷ್ಟು ವರ್ಷ ಹಿಡಿದುಕೊಂಡು ಕೂತವನು ಗಂಡನೋ, ಕೋರ್ಟಿನ ಜಡ್ಜೋ? ಒಂದು ಸಲ, ಬರೀ ಒಂದು ಸಲ ತಡೆಯಲಾರದೆ ಬಾಯಿ ಬಿಟ್ಟಿದ್ದರೆ ಗಂಟೇನು ಹೋಗುತ್ತಿತ್ತು? ಅಥವಾ ತಾನೇ ಒಂದು ಸಲ, ಏನಿಲ್ಲ ಅಂದಾಗ ತಟ್ಟೆ ಕುಕ್ಕಿ, ಏನಿಲ್ಲ ಅಂದ್ರೇನ್ರೀ, ಹೇಳಿ ಅಂದಿದ್ದರೆ? ಮಣ್ಣು ಬಿತ್ತು. ಬಂಡೆ ಒಡೆದ ಚೂರುಗಳೂ ಅದರಲ್ಲಿ ಇದ್ದವು.

ಮನೆಗೆ ಬಂದವಳು ಕೈಕಾಲು ತೊಳೆದು ಅಡಿಗೆಮನೆಗೆ ಹೋದಳು. ಉಪ್ಪಿನ ಡಬ್ಬಿಯ ಪಕ್ಕ ಈ ವಾರದ್ದು ಇತ್ತು. ಹಸಿರು ರಟ್ಟು, ಬೆನ್ನಿಗೆ ಲೈಬ್ರರಿಯ ಚೀಟಿ. ಮೂರ್ನಾಲ್ಕು ದಿನದಿಂದ ಅದನ್ನು ಅತ್ತ ಸರಿಸಿ ಇತ್ತ ಸರಿಸಿ ಉಪ್ಪು ತೆಗೆದಿದ್ದಳು, ಹೆಸರೇನೆಂದು ನೋಡಿರಲಿಲ್ಲ. ಈಗ ಎರಡೂ ಕೈಯಲ್ಲಿ ಹಿಡಿದು ನಡುಮನೆಗೆ ತಂದಳು.

ಕ್ಷೌರಿಕ ಮತ್ತು ದರ್ಜಿ ಅಂಗಡಿಯಿಂದ ತಂದಿದ್ದ ಕುರ್ಚಿಗಳನ್ನು ಮಡಚುತ್ತಿದ್ದರು. ಪುಸ್ತಕ ಕಂಡದ್ದೇ ಕ್ಷೌರಿಕನ ಕೈ ನಿಂತಿತು.

"ಇದಾ! ಭಾನುವಾರದವರೆಗೆ ತಡ್ಕೊಳ್ಳೋಕಾಗ್ದೆ ಮೊನ್ನೆ ಶುಕ್ರವಾರಾನೇ ಬಂದು ಹೇಳಿದ್ರು. ಉಳಿದ ಪುಸ್ತಕ ಹೇಳೋಕೆ ಅವ್ರೇ ಇರ್ಲಿಲ್ಲ, ಹೇಳಿದ್ದು ಇದೊಂದು ಮಾತ್ರ. 'ಇದನ್ನಾದ್ರೂ ಓದ್ತಾಳೆ ನೋಡ್ತಿರು, ಇದರಲ್ಲಿ ಅವಳೇ ಇದಾಳೆ' ಅಂದ್ರು." ಅವನು ದನಿ ತಗ್ಗಿಸಿದ. "ಇನ್ನೇನು ಮುಚ್ಚುಮರೆ ಅತ್ತಿಗೆ, ಪೂರ್ತಿ ನೆನಪಿದೆ. ಅವ್ರು ಹೇಳಿದ ಹಾಗೇ ಹೇಳ್ಲಾ?"

ಹೇಳು ಎನ್ನಬೇಕೆಂದು ಆಕೆಯ ಜೀವ ಒದ್ದಾಡಿತು. ಕ್ಷೌರಿಕ ಆಗಲೇ ಒಂದು ಕುರ್ಚಿ ಬಿಡಿಸಿ ಕೂತು, ಕೈ ಎತ್ತಿ, ಗಂಟಲು ಸರಿಮಾಡಿಕೊಂಡಿದ್ದ. ಆ ಎತ್ತಿದ ಕೈ ಅವನದಲ್ಲ. ಕೈ ಬೀಸಿ ಬೀಸಿ ಕತೆ ಹೇಳುವ ಆ ರೀತಿ ಎಲ್ಲಿಂದ ಬಂದಿತ್ತೆಂದು ಆಕೆಗೆ ಗೊತ್ತಿತ್ತು. ತನ್ನದನ್ನು ಇವನ ಬಾಯಿಂದ ಕೇಳಬೇಕೆ?

"ಬೇಡ," ಎಂದಳು. "ನಾನೇ ಓದ್ತೀನಿ."

ಕ್ಷೌರಿಕ ಕೈ ಇಳಿಸಿದ.

ಆಕೆ ಕಿಟಕಿಯ ಬಳಿ, ಅವನು ಕೂರುತ್ತಿದ್ದ ಜಾಗದಲ್ಲಿ ಕೂತು ಪುಸ್ತಕ ಬಿಚ್ಚಿದಳು. ಅಕ್ಷರಗಳೆಲ್ಲ ಒಂದರೊಳಗೊಂದು ಕಲಸಿಹೋಗಿದ್ದವು. ಎಂದಿನ ಅಭ್ಯಾಸದಂತೆ ಕೈ ಕಿಟಕಿಯ ಕಟ್ಟೆಯನ್ನು ತಡಕಿತು. ಅವನು ಕನ್ನಡಕ ಬಿಚ್ಚಿಡುತ್ತಿದ್ದಷ್ಟು ಜಾಗದಲ್ಲಿ ಮಾತ್ರ ಧೂಳಿರಲಿಲ್ಲ. ಕೈ ಬರಿದೇ ಹಿಂದಕ್ಕೆ ಬಂತು.

ಆಕೆ ಪುಸ್ತಕವನ್ನು ದೂರ ಹಿಡಿದಳು. ಇನ್ನೂ ದೂರ. ತೋಳು ಅದಕ್ಕಿಂತ ಮುಂದೆ ಹೋಗಲಿಲ್ಲ. ಕ್ಷೌರಿಕ, ದರ್ಜಿ ಇಬ್ಬರೂ ನಿಂತು ನೋಡುತ್ತಿದ್ದರು. ಅವರು ನೋಡುತ್ತಿರುವಂತೆಯೇ ಆಕೆ, ಒಂದು ಪುಟಕ್ಕೆ ಅವನು ತೆಗೆದುಕೊಳ್ಳುತ್ತಿದ್ದಷ್ಟು ಹೊತ್ತು ಕಾದು, ಬೆರಳನ್ನು ನಾಲಿಗೆಗೆ ಮುಟ್ಟಿಸಿ, ಹಾಳೆ ತಿರುವಿದಳು.