ಸುಜಾತೆಯ ಖೀರು

ಬುದ್ಧ ಪೂರ್ಣಿಮೆಯಂದು ಜಮಖಂಡಿಯ ಆ ಸಣ್ಣ ವಿಹಾರದಲ್ಲಿ ಉಪವಾಸದಿಂದ ಸೊರಗಿದ ಸಿದ್ಧಾರ್ಥನಿಗೆ ಖೀರುಣಿಸಿದ ಸುಜಾತೆಯ ಕಥೆ ಹೇಳುವವನು ತುಕಾರಾಮನೇ. ಬಸ್ ಡಿಪೋದಲ್ಲಿ ಕಂಡಕಂಡವರ ಮೇಲೆ ಹರಿಹಾಯುವ ಮನುಷ್ಯ ಅವತ್ತೊಂದು ದಿನ ಬೆಣ್ಣೆಯಾಗುತ್ತಿದ್ದ. ಕಥೆ ಮುಗಿಯುವ ಹೊತ್ತಿಗೆ ಒಬ್ಬ ಹುಡುಗಿ ಸುಜಾತೆಯಾಗಿ ಖೀರಿನ ಬಟ್ಟಲು ತಂದು ಬುದ್ಧನ ಮುಂದಿಟ್ಟು, ಆಮೇಲೆ ಎಲ್ಲರಿಗೂ ಹಂಚಬೇಕು. ಮೂರನೇ ಇಯತ್ತೆಯಿಂದ ಆ ಸುಜಾತೆ ತುಕಾರಾಮನ ಮಗಳು ಶೀತಲಳೇ.

ಈ ಸಲ ಶೀತಲ ಎರಡು ದಿನದಿಂದ ಏನೂ ಉಂಡಿರಲಿಲ್ಲ. ಮರುದಿನ ಬೆಳಿಗ್ಗೆ ಮುಧೋಳದಲ್ಲಿ ರಾಜ್ಯ ತಂಡಕ್ಕೆ ಕುಸ್ತಿ ಆಯ್ಕೆ. ತೂಕ ಐವತ್ತು ಕೆಜಿ ದಾಟಿದರೆ ಐವತ್ತರ ವಿಭಾಗದಲ್ಲಿ ಕಣಕ್ಕೇ ಬಿಡುವುದಿಲ್ಲ. ಮೇಲಿನ ತೂಕದಲ್ಲಿ ಬನಹಟ್ಟಿಯ ಹುಡುಗಿಯೊಬ್ಬಳಿದ್ದಳು. ಅವಳನ್ನು ಚಿತ್ ಮಾಡುವುದು ಮಗಳ ಕೈಲಾಗದೆಂದು ತುಕಾರಾಮ ತಾನೇ ತೀರ್ಮಾನಿಸಿ, ಶೀತಲಳನ್ನು ಕೆಳಗಿನ ತೂಕಕ್ಕೆ ಇಳಿಸುತ್ತೇನೆಂದು ಹಟಕ್ಕೆ ಬಿದ್ದಿದ್ದ. ಹರೆಯದಲ್ಲಿ ಕುಸ್ತಿ ಕಣದಲ್ಲಿ ತನಗೆ ದಕ್ಕದ ಬೆಳ್ಳಿ ಗದೆಯ ಆಸೆ ಇನ್ನೂ ಆರಿರಲಿಲ್ಲ, ಪುಣ್ಯಾತ್ಮನಿಗೆ. ಸುಡುಬಿಸಿಲಲ್ಲಿ ಮಗಳಿಗೆ ರೇನ್‌ಕೋಟು ತೊಡಿಸಿ ಓಡಿಸಿದ. ಬಾಯಾರಿದಾಗ, "ನೀರ ಬಾಯಾಗ ಹಾಕ್ಕೊ, ಮುಕ್ಕಳಿಸಿ ಉಗುಳು. ಗಂಟಲದಾಗ ಇಳಿಸಬ್ಯಾಡ" ಎಂದು ಕಲಿಸಿದ.

"ಹುಡುಗಿ ಬಾಯಾಗ ಉಗುಳ ಸೈತ ಉಳಿದಿಲ್ರಿ" ಎಂದಳು ಹೆಂಡತಿ ಶಂಕ್ರೆವ್ವ. "ಅಂಥಾದ್ರಾಗ ಅಕಿ ಕೈಯಾಗ ಖೀರ ಕೊಟ್ಟ ನಿಂದ್ರಸಾಕತ್ತೀರಿ. ಎಂಥಾ ಕಲ್ಲ ಮನಸ್ಸರಿ ನಿಮ್ಮದು?"

"ಇದೊಂದ ರಾತ್ರಿ. ನಾಳೆ ತೂಕ ಆದ ಮ್ಯಾಲೆ ಹೊಟ್ಟಿ ತುಂಬ ಉಣ್ಣಲಿ."

ಸಂಜೆ ವಿಹಾರ ತುಂಬಿತು. ತುಕಾರಾಮ ಕಥೆ ಎತ್ತಿಕೊಂಡ. "ಸಿದ್ಧಾರ್ಥ ಗುರಿ ಮುಟ್ಟಬೇಕಂತ ಅನ್ನ ಬಿಟ್ಟ, ನೀರ ಬಿಟ್ಟ. ಹೊಟ್ಟಿ ಮುಟ್ಟಿದ್ರ ಬೆನ್ನೆಲಬ ಕೈಗೆ ಹತ್ತತಿತ್ತು. ಕಣ್ಣ ಒಳಗ ಹೋಗಿದ್ದುವು..."

ಅಷ್ಟರಲ್ಲಿ ಅವನ ದೃಷ್ಟಿ ಬಾಗಿಲಿಗೆ ಹೋಯಿತು. ಬಿಳಿ ಸೀರೆಯುಟ್ಟ ಶೀತಲ ಬಟ್ಟಲು ಹಿಡಿದು ನಿಂತಿದ್ದಳು. ಅವಳ ಕಣ್ಣೂ ಒಳಗೆ ಹೋಗಿದ್ದವು. ತುಟಿ ಒಡೆದು ರಕ್ತ ಜಿನುಗಿತ್ತು, ಬಟ್ಟಲು ನಡುಗುತ್ತಿತ್ತು. ಕಥೆ ಅಲ್ಲಿಗೇ ನಿಂತಿತು.

ಕಥೆ ಎಲ್ಲರಿಗೂ ಬಾಯಿಪಾಠವಾಗಿತ್ತು. ಮುಂದೆ ಕೂತಿದ್ದ ಮುದುಕ ಧರೆಪ್ಪ ಎತ್ತಿಕೊಟ್ಟ: "ಮುಂದ ಹೇಳೋ. ಹಿಂಗ ಸತ್ತರ ಗುರಿ ಮುಟ್ಟಾವ್ರ ಯಾರು ಅಂತ ತಿಳೀತು ಅವಂಗ."

"ತಿಳೀತು ಅವಂಗ" ಎಂದ ತುಕಾರಾಮ. ಇಷ್ಟು ವರ್ಷ ಊರಿಗೆಲ್ಲ ಹೇಳಿದ ಮಾತು ತನಗೇ ಕೇಳಿಸಿರಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಎದ್ದು ಹೋಗಿ ಬಟ್ಟಲಿಗೆ ಚಮಚ ಹಾಕಿ ಮಗಳ ಬಾಯಿಗೆ ಹಿಡಿದ.

"ತಿನ್ನು ನನ್ನವ್ವಾ. ತೂಕ ಹಾಳಾಗಿ ಹೋಗ್ಲಿ."

ಶೀತಲ ಅಪ್ಪನ ಮುಖ ನೋಡಿದಳು, ಜನರನ್ನು ನೋಡಿದಳು, ಬಾಯಿ ತೆರೆದಳು. ಶಂಕ್ರೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಯಾರೋ ಚಪ್ಪಾಳೆ ತಟ್ಟಿದರು. ಶೀತಲ ಬಟ್ಟಲನ್ನು ಬುದ್ಧನ ಮುಂದಿಟ್ಟು ಸರಸರನೆ ಹೊರಗೆ ನಡೆದಳು. ತುಕಾರಾಮನ ಎದೆ ಹಗುರಾಗಿತ್ತು. ಮಗಳಿಗೆ ಇನ್ನೊಂದಿಷ್ಟು ತಿನ್ನಿಸೋಣವೆಂದು ಅವಳ ಹಿಂದೆಯೇ ಹೋದ.

ವಿಹಾರದ ಹಿಂದಿನ ನಳದ ಬಳಿ ಅವಳು ಬಗ್ಗಿ ನಿಂತಿದ್ದಳು. ಬಾಯಲ್ಲಿದ್ದ ಖೀರನ್ನೆಲ್ಲ ಉಗುಳಿ, ಮುಕ್ಕಳಿಸಿ ಮತ್ತೆ ಉಗುಳುತ್ತಿದ್ದಳು.

"ಶೀತಲ!"

ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ಬೆಚ್ಚಿ ತಿರುಗಿದಳು. "ಒಂದ ಹನಿನೂ ಇಳಿಸಿಲ್ಲ ಅಪ್ಪಾ, ಖರೇನ. ಮಂದಿ ಮುಂದ ನೀ ಹಂಗ ಅನ್ನಬೇಕಾತು, ನನಗ ಗೊತ್ತೈತಿ."

ತುಕಾರಾಮನಿಗೆ ಅಳು ಬಂತು. ಅಲ್ಲಿದ್ದ ಲೋಟಕ್ಕೆ ನೀರು ತುಂಬಿ, ಕುಡಿಯಲೆಂದು ಅವಳ ಮುಂದೆ ಹಿಡಿದ. ಶೀತಲ ಅವನ ಮುಖವನ್ನೇ ನೋಡುತ್ತ ಬಾಯಿ ತುಂಬ ನೀರು ತೆಗೆದುಕೊಂಡಳು, ಚೆನ್ನಾಗಿ ಮುಕ್ಕಳಿಸಿದಳು, ಅವನಿಗೆ ಕಾಣುವ ಹಾಗೆ ಉಗುಳಿದಳು.